ಆಪಲ್ ಪೀಲ್ ಕರುಳು: ಎಷ್ಟು ಕತ್ತರಿಸೋದು, ಎಷ್ಟು ಉಳಿಸೋದು

ಈಗಷ್ಟೇ ಹುಟ್ಟಿದ ಮಗು ಹಸಿರು ವಾಂತಿ ಮಾಡಿತು ಅಂತ ಫೋನ್ ಬಂದರೆ ನಾನು ಹೇಳುವುದು ಒಂದೇ. ಹಾಲು ನಿಲ್ಲಿಸಿ, ಮೂಗಿನಿಂದ ಟ್ಯೂಬ್ ಹಾಕಿ, ಡ್ರಿಪ್ ಶುರು ಮಾಡಿ ಕಳಿಸಿ. ಗ್ರೈಪ್ ವಾಟರ್ ಕೊಟ್ಟು ನೋಡೋಣ ಅನ್ನುವ ಹೊತ್ತಲ್ಲ ಅದು.

ಹೀಗೆ ಬರುವ ಮಕ್ಕಳಲ್ಲಿ ಅಪರೂಪಕ್ಕೆ ಸಿಗುವುದು ಜೆಜುನಲ್ ಅಟ್ರೀಸಿಯಾದ (ಹುಟ್ಟುವಾಗಲೇ ಸಣ್ಣಕರುಳು ಮುಚ್ಚಿರುವ ತೊಂದರೆಯ) ಟೈಪ್ 3ಬಿ, ಅಂದರೆ ಆಪಲ್ ಪೀಲ್ ಕರುಳು. ಸಣ್ಣಕರುಳು ಮೇಲೆಯೇ ಬಾಯಿ ಮುಚ್ಚಿ ಊದಿಕೊಂಡು ನಿಂತಿರುತ್ತದೆ. ಕೆಳಗಿನ ಭಾಗ ಒಂದೇ ಒಂದು ರಕ್ತನಾಳವನ್ನು ನಂಬಿಕೊಂಡು, ಅದರ ಸುತ್ತ ಸುಲಿದ ಸೇಬಿನ ಸಿಪ್ಪೆಯ ಹಾಗೆ ಸುರುಳಿಯಾಗಿರುತ್ತದೆ.

ಹೊಕ್ಕುಳ ಮೇಲೆ ಅಡ್ಡ ಗಾಯ ಮಾಡಿ ಕರುಳನ್ನೆಲ್ಲ ಹೊರಗೆ ತೆಗೆದು ಬೆಚ್ಚಗಿನ ಸಲೈನ್ ಬಟ್ಟೆಯಲ್ಲಿ ಇಡುತ್ತೇನೆ. ಮೊದಲು ಆ ರಕ್ತನಾಳ ತಿರುಚಿದೆಯಾ ನೋಡಬೇಕು. ಆಮೇಲೆ ಕೆಳಗಿನ ಕರುಳಿಗೆ ಸಣ್ಣ ಟ್ಯೂಬಿನಿಂದ ಸಲೈನ್ ಬಿಟ್ಟು, ಅದು ದೊಡ್ಡಕರುಳಿನ ತನಕ ಹರಿಯುತ್ತದಾ ಅಂತ ಕಾಯುತ್ತೇನೆ, ಯಾಕೆಂದರೆ ಇನ್ನೊಂದು ಕಡೆಯೂ ಮುಚ್ಚಿರುವುದು ಉಂಟು. ಕೊನೆಗೆ ರೇಷ್ಮೆ ದಾರ ಹಿಡಿದು ಉದ್ದ ಅಳೆಯುವುದು. ತಲೆನೋವು ಶುರುವಾಗುವುದೇ ಇಲ್ಲಿ.

ಊದಿದ ತುದಿ ನೋಡಲು ಚೆನ್ನಾಗಿಯೇ ಇರುತ್ತದೆ, ಕತ್ತರಿಸಲು ಮನಸ್ಸು ಬರಲ್ಲ. ಆದರೆ ಅದು ಕೆಲಸ ಮಾಡುವ ಕರುಳಲ್ಲ. 1955ರಲ್ಲಿ ಕೇಪ್‌ಟೌನ್‌ನ ಸರ್ಜನ್‌ಗಳಾದ ಲೌ ಮತ್ತು ಬರ್ನಾರ್ಡ್, ಗರ್ಭದಲ್ಲಿದ್ದ ನಾಯಿಮರಿಗಳ ಕರುಳಿನ ರಕ್ತನಾಳ ಕಟ್ಟಿ ಇಂಥದ್ದೇ ತೊಂದರೆ ಬರುವುದನ್ನು ತೋರಿಸಿದರು. (ಹೌದು, 1967ರಲ್ಲಿ ಹೃದಯ ಕಸಿ ಮಾಡಿದ ಅದೇ ಬರ್ನಾರ್ಡ್.) ಅಂದರೆ ಆ ತುದಿಗೆ ರಕ್ತ ಸರಿಯಾಗಿ ಹೋಗಿರುವುದಿಲ್ಲ. ಅದನ್ನು ಉಳಿಸಿ ಜೋಡಿಸಿದರೆ ಹೊಲಿಗೆ ಸರಿಯಿದ್ದರೂ ಹಾಲು ಮುಂದೆ ಸರಿಯದೆ ಅಲ್ಲೇ ನಿಲ್ಲುತ್ತದೆ. ಬೇರೆ ಬಗೆಯ ಅಟ್ರೀಸಿಯಾದಲ್ಲಿ ಧೈರ್ಯವಾಗಿ ಕತ್ತರಿಸಿಬಿಡಬಹುದು, ಇಲ್ಲಿ ಕರುಳೇ ಗಿಡ್ಡ ಅಲ್ವಾ? ಹಾಗಾಗಿ ನಾನು ತೀರಾ ಊದಿದ ತುದಿಯನ್ನಷ್ಟೇ ತೆಗೆದು, ಉಳಿದದ್ದನ್ನು ರಕ್ತನಾಳ ಇಲ್ಲದ ಬದಿಯಿಂದ ಸ್ವಲ್ಪ ಕತ್ತರಿಸಿ ಹೊಲಿದು ಕಿರಿದು ಮಾಡುತ್ತೇನೆ. ಒಂದಿಷ್ಟು ಹೊತ್ತು ಜಾಸ್ತಿ ಹಿಡಿಯುತ್ತದೆ, ಪರವಾಗಿಲ್ಲ.

ಆಗಲೂ ಎರಡು ತುದಿಗಳ ಅಳತೆ ಹೊಂದುವುದಿಲ್ಲ. ಕೆಳಗಿನದು ಅರ್ಧ ಸೆಂಟಿಮೀಟರ್ ಇದ್ದರೆ ಹೆಚ್ಚು. ಅದನ್ನು ಓರೆಯಾಗಿ ಕತ್ತರಿಸಿ, ರಕ್ತನಾಳ ಇಲ್ಲದ ಬದಿಯ ಉದ್ದಕ್ಕೂ ಸ್ವಲ್ಪ ಸೀಳಿ ಬಾಯಿ ಅಗಲ ಮಾಡಿಕೊಂಡು, ದೊಡ್ಡದಾಗಿ ತೋರಿಸುವ ಲೂಪ್ ಕನ್ನಡಕ ಹಾಕಿಕೊಂಡು 6-0 ಅನ್ನುವ ತೀರಾ ತೆಳು ದಾರದಲ್ಲಿ ಒಂದೇ ಪದರ ಹೊಲಿಗೆ ಹಾಕುತ್ತೇನೆ. ಸುರುಳಿಯನ್ನು ಒಳಗೆ ಇಡುವಾಗ ಅವಸರ ಮಾಡಬಾರದು. ಆ ಒಂದು ರಕ್ತನಾಳ ಮಡಚಿಕೊಂಡರೆ ಎಲ್ಲವೂ ಹೋಯಿತು, ಅದಕ್ಕೇ ಕರುಳಿನ ಬಣ್ಣ ನೋಡಿಕೊಂಡೇ ಹೊಟ್ಟೆ ಮುಚ್ಚುವುದು.

ಆಪರೇಷನ್ ಒಂದು ಪಾಲಾದರೆ ಆಮೇಲಿನದು ಮೂರು ಪಾಲು, ಮತ್ತು ಅದರಲ್ಲಿ ಸರ್ಜನ್‌ಗಿಂತ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸಿಸ್ಟರ್‌ಗಳ ಕೆಲಸವೇ ಹೆಚ್ಚು. ಕರುಳು ಎಚ್ಚರವಾಗುವ ತನಕ ರಕ್ತನಾಳದ ಮೂಲಕವೇ ಆಹಾರ, ಅಂದರೆ ಟಿಪಿಎನ್. ಸೋಂಕು, ಕಾಮಾಲೆ, ಖರ್ಚು ಮೂರೂ ಅದರ ಜೊತೆಗೇ ಬರುತ್ತವೆ. "ಡಾಕ್ಟ್ರೇ, ಮಗು ಚೀಪ್ತಾ ಇದೆ, ಒಂದು ಚಮಚ ಹಾಲು ಕೊಡ್ಲಾ?" ಅಂತ ಅಜ್ಜಿಯರು ಕೇಳುತ್ತಾರೆ. "ಇನ್ನೂ ಬೇಡ ಅಜ್ಜಿ, ಟ್ಯೂಬಲ್ಲಿ ಹಸಿರು ಬರ್ತಾನೇ ಇದೆ" ಅನ್ನುತ್ತೇನೆ. ತಾಯಿಗೆ ಮಾತ್ರ ಹಾಲು ಹಿಂಡಿ ಇಡುತ್ತಿರಲು ಹೇಳುತ್ತೇವೆ. ಶುರು ಮಾಡುವಾಗ ಆ ಹಾಲೇ ಬೇಕು, ಅದೂ ಒಂದೆರಡು ಎಂಎಲ್‌ನಿಂದ.

ಮನೆಗೆ ಹೋದ ಮೇಲೆ ನಾನು ನೋಡುವುದು ತೂಕದ ಗೆರೆ. ಇಲಿಯಮ್‌ನ, ಅಂದರೆ ಸಣ್ಣಕರುಳಿನ ಕೆಳಭಾಗದ, ಕೊನೆಯ ತುಂಡು ಕಳೆದುಕೊಂಡ ಮಕ್ಕಳಿಗೆ ಬಿ12 ಕೂಡ ಆಗಾಗ ಪರೀಕ್ಷೆ ಮಾಡಿಸುತ್ತೇನೆ, ಅದು ಕಡಿಮೆಯಾಗುವುದು ಎಷ್ಟೋ ಸಲ ವರ್ಷಗಳ ನಂತರ.