ಕಾಲುವೆ ದಂಡೆಯ ಸೈಕಲ್ ಪ್ರವಾಸ: ಏರು ಬಿಡಿ, ನೆಲ ನೋಡಿ

ಕಾರು, ಲಾರಿಗಳ ಕಾಟವಿಲ್ಲದ ದಾರಿಯಲ್ಲಿ ಸೈಕಲ್ ಪ್ರವಾಸ ಹೋಗಬೇಕು ಅಂದುಕೊಂಡವರು ಮೊದಲು ಕೇಳುವುದು, "ಏರು ಎಷ್ಟಿದೆ?" ಕಾಲುವೆ ದಂಡೆಯ ಮಟ್ಟಿಗೆ ಈ ಪ್ರಶ್ನೆಗೆ ಜಾಸ್ತಿ ಬೆಲೆಯಿಲ್ಲ. ಕಾಲುವೆಯ ನೀರು ಸಮಮಟ್ಟದಲ್ಲಿ ನಿಲ್ಲುತ್ತದೆ, ಪಕ್ಕದ ದಾರಿಯೂ ಹಾಗೇ ಸಾಗುತ್ತದೆ. ಹಿಂದೆ ಕುದುರೆ, ಹೇಸರಗತ್ತೆಗಳು ಈ ದಂಡೆಯ ಮೇಲೆ ನಡೆಯುತ್ತಾ ಹಗ್ಗದಿಂದ ದೋಣಿ ಎಳೆಯುತ್ತಿದ್ದವು. ಅವುಗಳಿಗೆಂದು ಮಾಡಿದ ದಾರಿಯಲ್ಲೇ ಈಗ ನಾವು ಪೆಡಲ್ ತುಳಿಯುವುದು. ಏರು ಸಿಗುವುದು ಲಾಕ್ ಇರುವ ಕಡೆ ಮಾತ್ರ. ಲಾಕ್ ಅಂದರೆ ಎರಡೂ ತುದಿಗೆ ಗೇಟಿರುವ ತೊಟ್ಟಿ. ಅದಕ್ಕೆ ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಮೇಲಕ್ಕೋ ಕೆಳಕ್ಕೋ ಕಳಿಸುತ್ತಾರೆ. ಅದರ ಪಕ್ಕದಲ್ಲಿ ದಾರಿ ಪುಟ್ಟದೊಂದು ದಿಬ್ಬ ಹತ್ತುತ್ತದೆ, ಅಷ್ಟೇ.

ನನ್ನ ಮಂಡಿ ಏರು ಅಂದರೆ ಒಲ್ಲೆ ಅನ್ನುತ್ತದೆ. ಆದ್ದರಿಂದ ನಾನು ಆರಿಸಿಕೊಳ್ಳುವುದೆಲ್ಲ ಇಂಥ ದಾರಿಗಳನ್ನೇ. ಇವುಗಳಲ್ಲಿ ದಿನ ಹೇಗೆ ಸಾಗುತ್ತದೆ ಅನ್ನುವುದನ್ನು ನಿರ್ಧರಿಸುವುದು ಚಕ್ರದ ಕೆಳಗಿನ ನೆಲ. ಟಾರೋ, ನುಣ್ಣನೆ ಜಲ್ಲಿಯೋ, ಮಣ್ಣೋ, ಬೇರೋ? ಇದನ್ನು ತಿಳಿದುಕೊಳ್ಳದೆ ಮಾಡಿದ ಯೋಜನೆ ಮೊದಲ ಮಧ್ಯಾಹ್ನಕ್ಕೇ ಕೆಡುತ್ತದೆ.

ದಕ್ಷಿಣ ಫ್ರಾನ್ಸಿನ ಕನಾಲ್ ದ್ಯು ಮಿದಿಯನ್ನೇ ತೆಗೆದುಕೊಳ್ಳಿ. ಪಿಯೇರ್ ಪಾಲ್ ರಿಕೆ ಎಂಬಾತನ ಮುಂದಾಳತ್ವದಲ್ಲಿ 1666ರಲ್ಲಿ ಶುರುವಾಗಿ, ಅವನು ತೀರಿಕೊಂಡ ಮರುವರ್ಷ, 1681ರಲ್ಲಿ ತೆರೆದ ಕಾಲುವೆ. ತುಲೂಸ್‌ನಿಂದ ಸೆತ್‌ವರೆಗೆ 240 ಕಿಲೋಮೀಟರ್. ಫೋಟೋಗಳಲ್ಲಿ ಪೂರ್ತಿ ಒಂದೇ ಥರ ಕಾಣುತ್ತದೆ: ಎರಡು ಕಡೆ ಮರ, ನಡುವೆ ಹಸಿರು ನೀರು. ತುಳಿಯುವವರಿಗೆ ಮಾತ್ರ ಇದು ಎರಡು ಬೇರೆ ಬೇರೆ ದಾರಿ. ತುಲೂಸ್‌ನಿಂದ ಸುಮಾರು 50 ಕಿಲೋಮೀಟರ್ ಒಳ್ಳೆ ಟಾರ್. ಅಲ್ಲಿಂದಾಚೆ ಹಲವು ಕಡೆ ಕಾಲುಹಾದಿಯಷ್ಟೇ ಅಗಲದ ಮಣ್ಣು. ದಂಡೆಗೆ ನೆರಳು ಕೊಡುವ ಪ್ಲೇನ್ ಎಂಬ ಜಾತಿಯ ಮರಗಳ ಬೇರು ಅಡ್ಡಡ್ಡ ಎದ್ದಿರುತ್ತವೆ. ಮೊದಲ ಅರ್ಧ ಗಂಟೆ ತಮಾಷೆಯಾಗಿರುತ್ತದೆ. ಆಮೇಲೆ ಅಂಗೈ ಜುಮ್ಮೆನ್ನುತ್ತದೆ, ಬಾಟಲಿ ಹೋಲ್ಡರ್‌ನಿಂದ ಹಾರುತ್ತದೆ, ಚೀಲದ ಕೊಕ್ಕೆ ಕಟಕಟ ಅನ್ನುತ್ತಲೇ ಇರುತ್ತದೆ. ಕೆಲವು ಭಾಗಗಳನ್ನು ಸರಿಪಡಿಸುತ್ತಾ ಬಂದಿದ್ದಾರೆ, ಆದ್ದರಿಂದ ಹಳೆಯ ವಿವರಣೆ ನಂಬಬೇಡಿ. ನೆರಳಿನ ಲೆಕ್ಕವೂ ಬದಲಾಗಿದೆ. 2006ರಿಂದ ಶಿಲೀಂಧ್ರ ರೋಗ ಹರಡಿ ಸಾವಿರಾರು ಪ್ಲೇನ್ ಮರಗಳನ್ನು ಕಡಿದಿದ್ದಾರೆ. ಅಂಥ ಜಾಗಗಳಲ್ಲಿ ನೆತ್ತಿಯ ಮೇಲೆ ನೇರ ಬಿಸಿಲು. ತುಲೂಸ್‌ನಿಂದ ಇನ್ನೊಂದು ದಿಕ್ಕಿಗೆ, ಬೋರ್ಡೋ ಕಡೆಗೆ ಹೋಗುವ ಗರೋನ್ ಕಾಲುವೆ 193 ಕಿಲೋಮೀಟರ್. ಅದರ ದಂಡೆ ಹೆಚ್ಚುಕಡಿಮೆ ಪೂರ್ತಿ ಟಾರು. ಹೆಸರು ಜಾಸ್ತಿ ಮಿದಿಯದ್ದೇ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಗರೋನ್.

ನೆಲ ಹೇಗಿದೆ ಅಂತ ಮನೆಯಲ್ಲೇ ಕೂತು ನೋಡುವುದು ಹೇಗೆ? ಜನರೇ ಸೇರಿ ತುಂಬುವ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಆನ್‌ಲೈನ್ ನಕ್ಷೆ ಆಧರಿಸಿದ ಸೈಕಲ್ ಮ್ಯಾಪುಗಳು ದಾರಿಯ ಯಾವ ತುಂಡು ಟಾರು, ಯಾವುದು ಜಲ್ಲಿ ಅಂತ ತೋರಿಸುತ್ತವೆ. ಅನುಮಾನ ಬಂದ ಕಡೆ ಉಪಗ್ರಹ ಚಿತ್ರ ದೊಡ್ಡದು ಮಾಡಿ ನೋಡಿ. ಅಗಲವಾದ ಬಿಳಿ ಗೆರೆಯಾದರೆ ಜಲ್ಲಿ. ಹುಲ್ಲಿನ ನಡುವೆ ದಾರದಂಥ ಗೆರೆಯಾದರೆ ನಿಧಾನದ ದಿನಕ್ಕೆ ತಯಾರಾಗಿ. ಆಮೇಲೆ ಕಿಲೋಮೀಟರ್ ಬಿಟ್ಟು ಗಂಟೆ ಲೆಕ್ಕ ಹಾಕಿ. ಸಾಮಾನು ಹೇರಿಕೊಂಡು ಟಾರಿನಲ್ಲಿ ಗಂಟೆಗೆ 15 ಕಿಲೋಮೀಟರ್, ಗಟ್ಟಿ ಜಲ್ಲಿಯಲ್ಲಿ 12, ಬೇರಿನ ದಾರಿಯಲ್ಲಿ 8 ಅಂತ ಹಿಡಿಯುತ್ತೇನೆ. ದಿನಕ್ಕೆ ನಾಲ್ಕು ಗಂಟೆ ತುಳಿದರೆ ಸಾಕು. ನನ್ನ ಜೊತೆ ಬರುವ ತಮ್ಮನಿಗೆ ಇದು ಒಪ್ಪಿಗೆಯಿಲ್ಲ. "ಅಕ್ಕಾ, ನೂರು ಮುಟ್ಟದಿದ್ದರೆ ಅದೇನು ಸೈಕಲ್ ಪ್ರವಾಸ?" ಅನ್ನುತ್ತಾನೆ. ಅವನು ಮುಂದೆ ಹೋಗಿ ಮರದ ಕೆಳಗೆ ಮಲಗಿರುತ್ತಾನೆ, ನಾನು ಹೋಗಿ ಎಬ್ಬಿಸುತ್ತೇನೆ.

ಸಮತಟ್ಟು ಅಂದರೆ ಸುಲಭ ಅಲ್ವಾ ಅಂತ ಕೇಳಬಹುದು. ಒಂದು ತೊಂದರೆ ಇದೆ. ಇಳಿಜಾರೇ ಇಲ್ಲದ್ದರಿಂದ ಸುಮ್ನೆ ಕೂತು ಜಾರುವ ಕ್ಷಣವೂ ಇಲ್ಲ. ಗಂಟೆಗಟ್ಟಲೆ ಒಂದೇ ಸಮ ತುಳಿಯಬೇಕು, ಒಂದೇ ಭಂಗಿಯಲ್ಲಿ. ಕಾಲಿಗಿಂತ ಮೊದಲು ಸೀಟಿನ ಮೇಲೆ ಕೂತ ಜಾಗ ನೋಯುತ್ತದೆ. ಇದಕ್ಕೆ ಲಾಕ್‌ಗಳನ್ನೇ ಬಳಸಿಕೊಳ್ಳಿ. ಪ್ರತಿ ಲಾಕ್ ದಿಬ್ಬಕ್ಕೂ ಸೀಟಿನಿಂದ ಎದ್ದು, ಪೆಡಲ್ ಮೇಲೆ ನಿಂತು ಹತ್ತಿ. ಕೆಲವು ಲಾಕ್ ಆದ ಮೇಲೆ ಇಳಿದು, ದೋಣಿಯೊಂದು ದಾಟುವವರೆಗೆ ನಿಂತು ನೋಡಿ. ಇಂಗ್ಲೆಂಡಿನಲ್ಲಿ ಡಿವೈಜಸ್ ಊರಿನ ಹತ್ತಿರ ಕೆನೆಟ್ ಮತ್ತು ಏವನ್ ಕಾಲುವೆ ಸುಮಾರು 3 ಕಿಲೋಮೀಟರಿನಲ್ಲಿ 29 ಲಾಕ್ ದಾಟಿ 72 ಮೀಟರ್ ಏರುತ್ತದೆ. ಅಂಥ ಕಡೆ ಒಂದು ಹೊತ್ತನ್ನೇ ಇಟ್ಟುಕೊಳ್ಳಿ.

ಕಾಲುವೆ ಬೇಸರವಾದರೆ ಕಾರಿಲ್ಲದ ದಾರಿ ಇನ್ನೂ ಎರಡು ಬಗೆ. ಹಳಿ ಕಿತ್ತ ಹಳೆಯ ರೈಲು ದಾರಿಗಳಲ್ಲಿ ಏರು ಇರುತ್ತದೆ, ಆದರೆ ರೈಲು ಹತ್ತಬಲ್ಲಷ್ಟೇ. ಅಮೆರಿಕದ ಗ್ರೇಟ್ ಅಲಿಗೆನಿ ಪ್ಯಾಸೇಜ್ 729 ಮೀಟರ್ ಎತ್ತರ ದಾಟುತ್ತದೆ. ಕಂಬರ್ಲೆಂಡ್ ಕಡೆಯಿಂದ ಹತ್ತುವಾಗ ಏರು ನೂರಕ್ಕೆ ಎರಡರೊಳಗೆ, ಪಿಟ್ಸ್‌ಬರ್ಗ್ ಕಡೆಯಿಂದ ಒಂದರೊಳಗೆ. ಮಂಡಿ ನೋವಿದ್ದವರು ಯಾವ ತುದಿಯಿಂದ ಹೊರಡಬೇಕು ಅಂತ ಬೇರೆ ಹೇಳಬೇಕಾಗಿಲ್ಲ. ಅಲ್ಲಿನ ಬಿಗ್ ಸಾವೇಜ್ ಸುರಂಗವನ್ನು ಚಳಿಗಾಲದಲ್ಲಿ ಮುಚ್ಚುತ್ತಾರೆ, ದಿನಾಂಕ ನೋಡಿಕೊಳ್ಳಿ. ಇನ್ನೊಂದು ಬಗೆ ನದಿಯ ಏರಿ. ಜರ್ಮನಿಯ ಪಾಸೌನಿಂದ ಆಸ್ಟ್ರಿಯಾದ ವಿಯೆನ್ನಾವರೆಗಿನ ಡ್ಯಾನ್ಯೂಬ್ ನದಿಯ ದಾರಿ ಸುಮಾರು 320 ಕಿಲೋಮೀಟರ್, ಬಹುಪಾಲು ಟಾರು. ಏರಿಯ ಮೇಲೆ ಮರೆಯಿಲ್ಲ, ಗಾಳಿ ನೇರ ಮೈಗೆ. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಪಾಸೌನಿಂದಲೇ ಹೊರಡಿ.

ಸೈಕಲ್ ದುಬಾರಿಯದ್ದು ಬೇಕಿಲ್ಲ. ಟೈರ್ ಅಗಲ ಇರಲಿ, 40 ಮಿಲಿಮೀಟರ್ ಆಸುಪಾಸು. ಗಾಳಿ ಕಲ್ಲಿನಂತೆ ಬಿಗಿಯಾಗುವಷ್ಟು ಹೊಡೆಯಬೇಡಿ. ನಾನು ಗಾಳಿಯ ಒತ್ತಡ 40ರಿಂದ 45 ಪಿಎಸ್‌ಐ (ಪಂಪಿನ ಮೀಟರಿನಲ್ಲಿ ಕಾಣುವ ಅಳತೆ) ಇಡುತ್ತೇನೆ, ತೂಕ ಜಾಸ್ತಿಯಿದ್ದರೆ ಸ್ವಲ್ಪ ಏರಿಸಿ. ಪಂಕ್ಚರ್ ತಡೆಯುವ ಪಟ್ಟಿಯಿರುವ ಟೈರ್ ಕೊಳ್ಳಿ, ಯಾಕಂದ್ರೆ ದಂಡೆಯ ಬೇಲಿ ಕತ್ತರಿಸಿದಾಗ ಮುಳ್ಳು ದಾರಿಗೇ ಬೀಳುತ್ತದೆ. ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕಿ ತೆಗೆಯಿರಿ. ಹೊರಗಿನಿಂದ ಕಾಣದ ಮೊನೆ ಒಳಗೆ ಉಳಿದಿರುತ್ತದೆ, ಹೊಸ ಟ್ಯೂಬನ್ನೂ ಅದೇ ಚುಚ್ಚುತ್ತದೆ. ಮಡ್‌ಗಾರ್ಡ್ ಇರಲೇಬೇಕು.

ಸಾಮಾನು ಬೆನ್ನಿಗೆ ಬೇಡ. ಹಿಂದಿನ ಕ್ಯಾರಿಯರಿನ ಎರಡು ಕಡೆ ಚೀಲ ನೇತುಹಾಕಿ, ಭಾರದ್ದು ತಳಕ್ಕೆ. ಚೀಲ ಒಂದೇ ಕೈಯಲ್ಲಿ ಬಿಚ್ಚುವಂತಿರಲಿ. ಮೋಟರ್ ಬೈಕು ನುಗ್ಗದಿರಲಿ ಅಂತ ಇಂಥ ದಾರಿಗಳ ಬಾಯಲ್ಲಿ ಕಬ್ಬಿಣದ ಗೇಟು ಹಾಕಿರುತ್ತಾರೆ. ಹ್ಯಾಂಡಲ್ ಓರೆ ಮಾಡಿ ತೂರಿಸಬೇಕು, ಮುಂದಿನ ಚಕ್ರ ಹೋಗುತ್ತದೆ, ಚೀಲ ಸಿಕ್ಕಿಕೊಳ್ಳುತ್ತದೆ. ಆಗ ಸೈಕಲ್ ಅನ್ನು ತೊಡೆಗೆ ಒರಗಿಸಿ, ಗೇಟಿನ ಕಡೆಯ ಚೀಲ ಬಿಚ್ಚಿ ಆಚೆ ಇಟ್ಟು, ಸೈಕಲ್ ದಾಟಿಸಿ, ಮತ್ತೆ ಹಾಕಬೇಕು. ಹಗ್ಗ ಬಿಗಿದು ಗಂಟು ಹಾಕಿದ ಸಾಮಾನಾದರೆ ಇದೇ ಕೆಲಸಕ್ಕೆ ಹತ್ತು ನಿಮಿಷ.

ದಾರಿ ನಮ್ಮೊಬ್ಬರದ್ದಲ್ಲ. ನಡೆಯುವವರಿರುತ್ತಾರೆ, ನಾಯಿ ಇರುತ್ತದೆ, ಗಾಳ ಹಾಕಿ ಕೂತವರ ಉದ್ದನೆ ಕೋಲು ದಾರಿಗೆ ಅಡ್ಡ ಬಂದಿರುತ್ತದೆ. ದೂರದಿಂದಲೇ ಬೆಲ್ ಮಾಡಿ, ಹತ್ತಿರ ಬಂದು ಮಾಡಿದರೆ ಬೆಚ್ಚಿಬೀಳುತ್ತಾರೆ. ಸೇತುವೆ ಕೆಳಗಿನ ತಿರುವಿನಲ್ಲಿ ಎದುರಿನವರು ಕಾಣುವುದಿಲ್ಲ. ತಲೆ ತಗ್ಗಿಸಿ, ನಿಧಾನ ಹೋಗಿ. ಅಮೆರಿಕದ ಚೆಸಪೀಕ್ ಮತ್ತು ಒಹಾಯೊ ಕಾಲುವೆಯಲ್ಲಿ ಪಾ ಪಾ ಸುರಂಗ ಸುಮಾರು 950 ಮೀಟರ್. ಒಳಗೆ ದೀಪವಿಲ್ಲ, ದಾರಿ ಕಿರಿದು, ಸೈಕಲ್ ತಳ್ಳಿಕೊಂಡೇ ನಡೆಯಬೇಕು. ಟಾರ್ಚ್ ಕೈಗೆ ಸಿಗುವಂತಿರಲಿ.

ನೀರಿನ ಪಕ್ಕದಲ್ಲೇ ದಿನವಿಡೀ ಹೋದರೂ ಕುಡಿಯುವ ನೀರು ಸಿಗದಿರಬಹುದು. ಕಾಲುವೆ ಸಮಮಟ್ಟ ಹುಡುಕಿಕೊಂಡು ಹೋಗುತ್ತದೆ, ಊರು ಬಹಳ ಸಲ ಗುಡ್ಡದ ಮೇಲಿರುತ್ತದೆ. ಅಂಗಡಿಗೆ ಎರಡು ಕಿಲೋಮೀಟರ್ ಹತ್ತಿ ಹೋಗಿ ಬರಬೇಕಾದೀತು. ಎರಡು ಬಾಟಲಿ, ಒಂದು ಹೊತ್ತಿನ ಊಟ ಯಾವಾಗಲೂ ಜೊತೆಗಿರಲಿ.

ಬೆಲ್ಜಿಯಂ, ನೆದರ್ಲೆಂಡ್ಸ್‌ನಲ್ಲಿ ದಾರಿ ಹುಡುಕುವ ತಲೆನೋವೇ ಇಲ್ಲ. ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ಸಂಖ್ಯೆ. 1995ರಲ್ಲಿ ಬೆಲ್ಜಿಯಂನ ಲಿಂಬರ್ಗ್‌ನಲ್ಲಿ ಶುರುವಾದ ಈ ಪದ್ಧತಿ ಗಣಿ ಎಂಜಿನಿಯರ್ ಹ್ಯೂಗೊ ಬೊಲೆನ್ ಅವರ ಆಲೋಚನೆ. ದಾಟಬೇಕಾದ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿದರೆ ಮೊಬೈಲ್ ಜೇಬಿನಲ್ಲೇ ಇರುತ್ತದೆ.

ಬೇರೆ ಕಡೆ ಒಂದು ವಿಷಯ ಮೊದಲೇ ಗುರುತು ಹಾಕಿಕೊಳ್ಳಿ: ದಾರಿ ಯಾವ ಸೇತುವೆಯಲ್ಲಿ ಆಚೆ ದಂಡೆಗೆ ಹೋಗುತ್ತದೆ ಅಂತ. ಈಚೆ ದಂಡೆಯೂ ಸ್ವಲ್ಪ ದೂರ ಚೆನ್ನಾಗೇ ಕಾಣುತ್ತದೆ. ಆಮೇಲೆ ಹುಲ್ಲು, ಆಮೇಲೆ ಪೊದೆ, ಕೊನೆಗೆ ಯಾರದೋ ಬೇಲಿ. ಲಾಕ್ ಗೇಟಿನ ಮೇಲಿನ ಹಲಗೆಯಲ್ಲಿ ದಾಟಲು ಕೆಲವು ಕಡೆ ಬಿಡುತ್ತಾರೆ, ಆದರೆ ಸಾಮಾನು ಹೇರಿದ ಸೈಕಲ್ ಅದರ ಮೇಲೆ ಹಿಡಿಸುವುದಿಲ್ಲ. ಹಿಂದಕ್ಕೆ ಹೋಗಿ ಸೇತುವೆ ದಾಟುವುದೊಂದೇ ದಾರಿ.