ಟಿಕೆಟ್ ಕೈತಪ್ಪಿತೇ? ಪಕ್ಷೇತರರಾಗಿ ನಿಲ್ಲುವುದು ಹೇಗೆ

ಪಟ್ಟಿಯಲ್ಲಿ ಹೆಸರಿಲ್ಲ. ಬಿ ಫಾರಂ ಬೇರೆಯವರ ಪಾಲಾಗಿದೆ. ಮನೆ ಮುಂದೆ ಬೆಂಬಲಿಗರು ಸೇರಿ ‘ಅಣ್ಣಾ, ನೀವು ನಿಂತ್ಕೊಳ್ಳಿ, ನಾವಿದ್ದೀವಿ’ ಅನ್ನುತ್ತಿದ್ದಾರೆ. ಬೆಂಗಳೂರಿನ 28 ಕ್ಷೇತ್ರಗಳಲ್ಲಿ ಪ್ರತಿ ಚುನಾವಣೆಗೂ ಎಲ್ಲೋ ಒಂದು ಕಡೆ ಈ ದೃಶ್ಯ ಇದ್ದೇ ಇರುತ್ತದೆ. ಅಲ್ಲಿಂದ ಮುಂದೆ ಆ ಅಣ್ಣ ಏನೇನು ಮಾಡಬೇಕು? ನಾಮಪತ್ರ ಸಲ್ಲಿಸುವ ಕೆಲಸ ಅಷ್ಟೇನೂ ಕಷ್ಟವಲ್ಲ. ಕಷ್ಟ ಶುರುವಾಗುವುದು ಗೆದ್ದ ಮೇಲೆ.

ಮೊದಲು ರಾಜೀನಾಮೆ

ಪಕ್ಷ ಬಿಡುವುದು ಬೇರೆ, ಶಾಸಕ ಸ್ಥಾನ ಬಿಡುವುದು ಬೇರೆ. ಹಾಲಿ ಶಾಸಕರು ಪಕ್ಷದ ಸದಸ್ಯತ್ವವನ್ನು ತಾವಾಗಿಯೇ ಬಿಟ್ಟರೆ ಪಕ್ಷಾಂತರ ನಿಷೇಧ ಕಾಯ್ದೆಯಡಿ ಅನರ್ಹರಾಗುತ್ತಾರೆ. ಹಾಗಾಗಿ ಮೊದಲು ಸ್ಪೀಕರ್‌ಗೆ ರಾಜೀನಾಮೆ ಕೊಡುವುದು ಒಳ್ಳೆಯದು. ಪತ್ರ ಕೊಟ್ಟ ತಕ್ಷಣ ಮುಗಿಯಲಿಲ್ಲ. ಯಾರ ಒತ್ತಾಯವೂ ಇಲ್ಲದೆ ಕೊಟ್ಟಿದ್ದಾರೆ ಅಂತ ಸ್ಪೀಕರ್‌ಗೆ ಅನ್ನಿಸಬೇಕು. 2019ರಲ್ಲಿ 17 ಶಾಸಕರ ಗಲಾಟೆ ನೆನಪಿದೆಯಲ್ವಾ? ಬಹುತೇಕರು ರಾಜೀನಾಮೆ ಕೊಟ್ಟಿದ್ದರು. ಸ್ಪೀಕರ್ ರಮೇಶ್ ಕುಮಾರ್ ಅವರನ್ನೆಲ್ಲ ಅನರ್ಹಗೊಳಿಸಿ, ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ನಿಲ್ಲುವಂತಿಲ್ಲ ಎಂದರು. ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಉಪಚುನಾವಣೆಗೆ ನಿಲ್ಲಬಹುದು ಅಂದಿತು.

ಐದು ವರ್ಷದ ಅವಧಿಯೇ ಮುಗಿಯುತ್ತಾ ಬಂದಿದ್ದರೆ ಇದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಪಕ್ಷ ಆರು ವರ್ಷ ಉಚ್ಚಾಟನೆ ಮಾಡಬಹುದು. ನಮ್ಮಲ್ಲಿ ಆ ಆರು ವರ್ಷ ಎಷ್ಟು ಬೇಗ ಮುಗಿಯುತ್ತದೆ ಅಂತ ಎಲ್ಲರಿಗೂ ಗೊತ್ತು.

ಹತ್ತು ಸೂಚಕರು

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ, ಅಂದರೆ ನಾಮಪತ್ರಕ್ಕೆ ಸಹಿ ಹಾಕಿ ಹೆಸರು ಸೂಚಿಸುವ ಮತದಾರ, ಸಾಕು. ಪಕ್ಷೇತರರಿಗೆ ಹತ್ತು ಜನ ಬೇಕು, ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಅಭ್ಯರ್ಥಿ ಮಾತ್ರ ರಾಜ್ಯದ ಯಾವುದೇ ಕ್ಷೇತ್ರದ ಮತದಾರನಾದರೂ ನಡೆಯುತ್ತದೆ. ಬೆಂಗಳೂರಲ್ಲಿ ಜಾಸ್ತಿ ಎಡವುವುದು ಇಲ್ಲೇ. ಒಂದು ರಸ್ತೆ ದಾಟಿದರೆ ಕ್ಷೇತ್ರ ಬದಲಾಗುತ್ತದೆ. ಬಾಡಿಗೆ ಮನೆ ಬದಲಿಸಿದವರ ಹೆಸರು ಇನ್ನೂ ಹಳೇ ಏರಿಯಾದ ಪಟ್ಟಿಯಲ್ಲೇ ಕೂತಿರುತ್ತದೆ. ‘ನಮ್ಮ ಹುಡುಗ’ ಅಂತ ಸುಮ್ನೆ ಸಹಿ ಹಾಕಿಸಿಕೊಳ್ಳಬೇಡಿ. ಪಟ್ಟಿಯ ಭಾಗದ ಸಂಖ್ಯೆ, ಕ್ರಮಸಂಖ್ಯೆ ನೋಡಿಯೇ ಹಾಕಿಸಿ. ಒಬ್ಬರ ವಿವರ ತಪ್ಪಿದರೂ ಪರಿಶೀಲನೆಯ ದಿನ ನಾಮಪತ್ರ ಬಿದ್ದುಹೋಗಬಹುದು. ನಾಲ್ಕು ಪ್ರತಿಯವರೆಗೆ ಸಲ್ಲಿಸಲು ಅವಕಾಶವಿದೆ. ಬೇರೆ ಬೇರೆ ಸೂಚಕರನ್ನಿಟ್ಟು ನಾಲ್ಕೂ ಸಲ್ಲಿಸಿ.

ಜೊತೆಗೆ ನಮೂನೆ 26ರ ಅಫಿಡವಿಟ್. ಆಸ್ತಿ, ಸಾಲ, ಕೇಸು, ಓದು ಎಲ್ಲವನ್ನೂ ಬರೆಯಬೇಕು, ಯಾವ ಜಾಗವನ್ನೂ ಖಾಲಿ ಬಿಡಬಾರದು. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಸಿಂಧು ಮತಗಳಲ್ಲಿ ಆರನೇ ಒಂದು ಭಾಗವನ್ನು ದಾಟದಿದ್ದರೆ ಅದು ವಾಪಸ್ ಬರುವುದಿಲ್ಲ. 2019ರ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರು ಕೇಂದ್ರದಿಂದ ಪಕ್ಷೇತರರಾಗಿ ನಿಂತ ನಟ ಪ್ರಕಾಶ್ ರಾಜ್ ಅವರಿಗೂ ಠೇವಣಿ ಉಳಿಯಲಿಲ್ಲ. ಮುಖಪರಿಚಯವೇ ಮತ ಅಲ್ಲ.

ಚಿಹ್ನೆ ಮತ್ತು ಖರ್ಚು

ಮುಕ್ತ ಚಿಹ್ನೆಗಳ ಪಟ್ಟಿಯಿಂದ ಮೂರನ್ನು ಇಷ್ಟದ ಕ್ರಮದಲ್ಲಿ ನಾಮಪತ್ರದಲ್ಲೇ ಬರೆಯಬೇಕು. ಒಂದೇ ಚಿಹ್ನೆಗೆ ಇಬ್ಬರು ಪಕ್ಷೇತರರು ಪಟ್ಟು ಹಿಡಿದರೆ ಚೀಟಿ ಎತ್ತುತ್ತಾರೆ. ಚಿಹ್ನೆ ಖಾತ್ರಿಯಾಗುವುದು ನಾಮಪತ್ರ ವಾಪಸ್ ಪಡೆಯುವ ಗಡುವು ಮುಗಿದ ಮೇಲೆ. ಅಲ್ಲಿಂದ ಮತದಾನಕ್ಕೆ ಸುಮಾರು ಎರಡು ವಾರ ಉಳಿದಿರುತ್ತದೆ. ಅಷ್ಟರಲ್ಲಿ ಅದು ಮನೆಮನೆಗೆ ತಲುಪಬೇಕು. ಆದ್ದರಿಂದ ನೋಡಿದ ಕೂಡಲೇ ಹೆಸರು ಹೇಳಬಹುದಾದ ವಸ್ತುವನ್ನೇ ಆರಿಸಿ. 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಹೊಸಕೋಟೆಯ ಶರತ್ ಬಚ್ಚೇಗೌಡರಿಗೆ ಸಿಕ್ಕಿದ್ದು ಕುಕ್ಕರ್. ಯಾವ ಮನೆಯಲ್ಲೂ ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅದೇ ವರ್ಷ ಮಂಡ್ಯದಲ್ಲಿ ಸುಮಲತಾ ಎದುರು ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಅಂಥ ಹೊತ್ತಲ್ಲಿ ಮತದಾರರಿಗೆ ಚಿಹ್ನೆ, ಫೋಟೊ ಎರಡೇ ಗುರುತು.

ಖರ್ಚಿನ ಮಿತಿ ವಿಧಾನಸಭೆಗೆ 40 ಲಕ್ಷ. ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ಬೇಕು. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು. ಸೋತವರೂ ಕೊಡಬೇಕು, ಇಲ್ಲದಿದ್ದರೆ ಮೂರು ವರ್ಷ ಸ್ಪರ್ಧಿಸದಂತೆ ಆಯೋಗ ಅನರ್ಹಗೊಳಿಸಬಹುದು.

ಗೆದ್ದ ಮೇಲೆ

ಪಕ್ಷೇತರರಾಗಿ ಗೆದ್ದವರು ಆ ಅವಧಿಯಲ್ಲಿ ಯಾವ ಪಕ್ಷವನ್ನೂ ಸೇರುವಂತಿಲ್ಲ. ಸೇರಿದರೆ ಅನರ್ಹತೆ. ಬೆಂಬಲ ಕೊಡಬಹುದು, ಮಂತ್ರಿಯೂ ಆಗಬಹುದು. ಸೇರುವುದು, ಬೆಂಬಲಿಸುವುದು ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದಕ್ಕೆ ದೊಡ್ಡ ಜಗಳ ನಡೆದದ್ದು ನಮ್ಮ ವಿಧಾನಸೌಧದಲ್ಲೇ.

2008ರಲ್ಲಿ ಬಿಜೆಪಿಗೆ ಬಂದದ್ದು 110 ಸ್ಥಾನ, ಬೇಕಿದ್ದದ್ದು 113. ಆರು ಜನ ಪಕ್ಷೇತರರು ಗೆದ್ದಿದ್ದರು, ಐವರು ಯಡಿಯೂರಪ್ಪ ಸಂಪುಟ ಸೇರಿದರು. 2010ರ ಅಕ್ಟೋಬರ್‌ನಲ್ಲಿ ಆ ಐವರೂ ಬೆಂಬಲ ಹಿಂಪಡೆದರು. ನೀವು ಬಿಜೆಪಿ ಸೇರಿದವರಂತೆಯೇ ಇದ್ದಿರಿ ಎಂದು ಸ್ಪೀಕರ್ ಬೋಪಯ್ಯ ಅವರನ್ನು ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಬೆಂಬಲ ಕೊಟ್ಟು ಮಂತ್ರಿಯಾದ ಮಾತ್ರಕ್ಕೆ ಪಕ್ಷ ಸೇರಿದಂತಲ್ಲ ಎಂದಿತು. ಹೀಗಾಗಿ ಬೆಂಬಲ ಕೊಡುವಾಗ ಪತ್ರದಲ್ಲಿ ‘ಬೆಂಬಲ’ ಎಂಬ ಪದವನ್ನಷ್ಟೇ ಬರೆಯಿರಿ. ಪಕ್ಷದ ಕಚೇರಿಯಲ್ಲಿ ಶಾಲು ಹೊದಿಸಿಕೊಂಡು, ಬಾವುಟ ಹಿಡಿದು ಫೋಟೊಗೆ ನಿಲ್ಲಬೇಡಿ. ನಾಳೆ ಅದೇ ಸಾಕ್ಷಿಯಾಗಬಹುದು.

ಈ ಸ್ವಾತಂತ್ರ್ಯದಿಂದ ಲಾಭವೂ ಇದೆ. ಮುಳಬಾಗಿಲಿನ ಎಚ್. ನಾಗೇಶ್ 2019ರ ಜೂನ್‌ನಲ್ಲಿ ಕುಮಾರಸ್ವಾಮಿ ಸರ್ಕಾರದ ಮಂತ್ರಿ, ಜುಲೈಯಲ್ಲಿ ಹೊರಗೆ, ಆಗಸ್ಟ್‌ನಲ್ಲಿ ಯಡಿಯೂರಪ್ಪ ಸರ್ಕಾರದ ಅಬಕಾರಿ ಮಂತ್ರಿ. 2021ರ ಜನವರಿಯಲ್ಲಿ ಅವರನ್ನು ಕೈಬಿಟ್ಟಾಗ ಪರವಾಗಿ ಜಗಳ ಮಾಡಲು ಹಿಂದೆ ಪಕ್ಷ ಅಂತ ಯಾವುದೂ ಇರಲಿಲ್ಲ. ಪಕ್ಷೇತರರ ಬೆಲೆ ಸರ್ಕಾರದ ಸಂಖ್ಯೆಯ ಮೇಲೆ ನಿಂತಿರುತ್ತದೆ. 2023ರಲ್ಲಿ ಇಬ್ಬರು ಪಕ್ಷೇತರರು ಗೆದ್ದು ಬಂದರು. ಆದರೆ ಕಾಂಗ್ರೆಸ್‌ಗೆ 135 ಬಂದಿತ್ತು, ಅವರ ಮನೆ ಬಾಗಿಲಿಗೆ ಯಾರೂ ಓಡಿ ಬರಬೇಕಾಗಿರಲಿಲ್ಲ. 2015ರ ಬಿಬಿಎಂಪಿಯಲ್ಲಿ ಆಗಿದ್ದು ಇದರ ಉಲ್ಟಾ. 198ರಲ್ಲಿ 100 ವಾರ್ಡ್ ಗೆದ್ದೂ ಬಿಜೆಪಿಗೆ ಮೇಯರ್ ಪಟ್ಟ ಸಿಗಲಿಲ್ಲ. ಶಾಸಕರು, ಸಂಸದರಿಗೂ ಆಗ ಅಲ್ಲಿ ಮತವಿತ್ತು. ಹಾಗಾಗಿ ಬೆರಳೆಣಿಕೆಯ ಪಕ್ಷೇತರ ಸದಸ್ಯರೇ ನಿರ್ಣಾಯಕರಾದರು, ಅವರನ್ನು ಕೇರಳದ ರೆಸಾರ್ಟ್‌ಗೆ ಕರೆದೊಯ್ದರು.

ಪಕ್ಷ ಸೇರಲೇಬೇಕು ಅನ್ನಿಸಿದರೆ ದಾರಿ ಎರಡೇ. ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋಗಬೇಕು, ಇಲ್ಲವೇ ಮುಂದಿನ ಚುನಾವಣೆಯವರೆಗೆ ಕಾಯಬೇಕು. ಶರತ್ ಬಚ್ಚೇಗೌಡ ಕಾದರು. 2021ರಲ್ಲಿ ಕಾಂಗ್ರೆಸ್‌ಗೆ ಬೆಂಬಲ ಘೋಷಿಸಿದರು, 2023ರಲ್ಲಿ ಅದೇ ಪಕ್ಷದ ಟಿಕೆಟ್ ಮೇಲೆ ಹೊಸಕೋಟೆಯಿಂದ ನಿಂತರು. ಎದುರಾಳಿ ಹಿಂದಿನ ಸಲದ ಎಂ.ಟಿ.ಬಿ. ನಾಗರಾಜ್ ಅವರೇ. ಆಗಲೂ ಗೆದ್ದರು.