ಕಾಫಿ ತೋಟದಲ್ಲಿ ಕುಳಿತು ಸ್ಟೈನ್‌ಬೆಕ್ ಓದುವುದು ಹೇಗೆ

ಮೊದಲು ಒಂದು ಮಾತು. ಈ ಪುಸ್ತಕವನ್ನು ಒಬ್ಬರೇ ಮನಸ್ಸಿನಲ್ಲಿ ಓದಬೇಡಿ, ನಾಲ್ಕು ಜನ ಸೇರಿ ಜೋರಾಗಿ ಓದಿ. ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ ಅವರ ‘ಆಫ್ ಮೈಸ್ ಅಂಡ್ ಮೆನ್’ 1937ರಲ್ಲಿ ಬಂದ ಸಣ್ಣ ಕಾದಂಬರಿ. ಆರೇ ಅಧ್ಯಾಯ, ಬಹುಪಾಲು ಬರೀ ಮಾತುಕತೆ, ಅದೇ ವರ್ಷ ನಾಟಕವಾಗಿ ರಂಗಕ್ಕೂ ಬಂತು. ಊರೂರು ಸುತ್ತಿ ಕೂಲಿ ಮಾಡುವ ಇಬ್ಬರು ಗೆಳೆಯರ ಕಥೆ ಇದು: ಜಾರ್ಜ್, ಮತ್ತು ಮಗುವಿನ ಬುದ್ಧಿಯ ದೈತ್ಯದೇಹಿ ಲೆನ್ನಿ. ಒಬ್ಬರು ಜಾರ್ಜ್, ಒಬ್ಬರು ಲೆನ್ನಿ ಅಂತ ಹಂಚಿಕೊಳ್ಳಿ. ಇಂಗ್ಲಿಷ್ ಕಷ್ಟವಾದವರಿದ್ದರೆ ಅಲ್ಲಲ್ಲಿ ನಿಲ್ಲಿಸಿ ನಮ್ಮ ಮಾತಿನಲ್ಲಿ ಹೇಳಿ, ಅವಸರ ಬೇಡ.

ನಾವು ಕೊಡಗಿನ ಗೋಣಿಕೊಪ್ಪಲಿನ ಹತ್ತಿರ, ಕಾಫಿ ಕುಯ್ಲು ಮುಗಿದ ಮೇಲೆ ಮಾರ್ಚ್‌ನಲ್ಲಿ ಓದಿದೆವು. ಕುಯ್ಲಿಗೆ ಅಸ್ಸಾಂನಿಂದ ಬಂದಿದ್ದ ಹುಡುಗರು ಗಂಟುಮೂಟೆ ಕಟ್ಟಿ ಹೊರಟಿದ್ದರು, ತೋಟದ ಆಳುಗಳಿರುವ ಲೈನ್ ಮನೆಗಳು ಅರ್ಧ ಖಾಲಿ. ಜಾರ್ಜ್, ಲೆನ್ನಿ ಕೂಡ ಹೀಗೇ ಕಂಬಳಿ ಸುತ್ತಿ ಬೆನ್ನಿಗೆ ಹಾಕಿಕೊಂಡು ಕ್ಯಾಲಿಫೋರ್ನಿಯಾದ ಸೋಲೆಡಾಡ್ ಹತ್ತಿರ ಬಾರ್ಲಿ ಮೂಟೆ ಹೊರಲು ಬರುತ್ತಾರೆ. ಆದರೆ ಅವರ ಕಥೆಯನ್ನು ತಂದು ಇಲ್ಲಿಗೆ ಅಂಟಿಸಬೇಡಿ. ಅದು ಆರ್ಥಿಕ ಕುಸಿತದ ಕಾಲದ ಅಮೆರಿಕ. ಅಲ್ಲಿ ಕ್ರೂಕ್ಸ್ ಎಂಬ ಕರಿಯ ಆಳನ್ನು ಉಳಿದವರು ತಮ್ಮ ಕೋಣೆಗೆ ಸೇರಿಸುವುದಿಲ್ಲ, ಅವನು ಕುದುರೆ ಲಾಯದ ಪಕ್ಕದಲ್ಲಿ ಒಬ್ಬನೇ ಇರುತ್ತಾನೆ. ನಮ್ಮ ತೋಟಗಳಲ್ಲಿ ದುಡಿಯುವ ಆದಿವಾಸಿಗಳಾದ ಯರವರ, ಪಣಿಯರ ಕಥೆ ಬೇರೆ, ಅದನ್ನು ಅವರ ಬಾಯಿಂದಲೇ ಕೇಳಬೇಕು.

ಕೈಯಲ್ಲಿ ಪೆನ್ಸಿಲ್ ಇರಲಿ. ಕನಸಿನ ಮಾತು ಬಂದಲ್ಲೆಲ್ಲ ಗೆರೆ ಹಾಕಿ: ಸಣ್ಣ ಜಮೀನು, ಮೊಲಗಳು, ಯಾರ ಕೈಕೆಳಗೂ ದುಡಿಯದ ಬದುಕು. ಜಾರ್ಜ್ ಅದನ್ನು ಮೊದಲು ಹೇಳುವುದು ನದಿ ದಡದಲ್ಲಿ. ಲೆನ್ನಿಗೆ ಎಲ್ಲ ಬಾಯಿಪಾಠ, ಆದರೂ ಅಜ್ಜಿ ಕಥೆ ಕೇಳುವ ಮಗುವಿನ ಹಾಗೆ ಮತ್ತೆ ಮತ್ತೆ ಕೇಳುತ್ತಾನೆ. ಎರಡನೇ ಸಲ ಹೇಳುವಾಗ ಒಂದು ಕೈ ಕಳೆದುಕೊಂಡ ಮುದುಕ ಕ್ಯಾಂಡಿ ಕೇಳಿಸಿಕೊಳ್ಳುತ್ತಾನೆ.

ಇಲ್ಲಿ ನಿಲ್ಲಿ, ದುಡ್ಡಿನ ಲೆಕ್ಕ ಹಾಕಿ. ಜಮೀನಿನ ಬೆಲೆ 600 ಡಾಲರ್. ಗೆಳೆಯರಿಬ್ಬರ ಹತ್ತಿರ ಸೇರಿ ಇರುವುದು ಹತ್ತು. ಒಂದು ಪೈಸೆ ಖರ್ಚು ಮಾಡದೆ ತಿಂಗಳು ದುಡಿದರೆ ಇಬ್ಬರಿಗೂ ಸೇರಿ ನೂರಾಗುತ್ತದೆ. ಕ್ಯಾಂಡಿ 350 ಕೊಡುತ್ತೇನೆ ಅನ್ನುತ್ತಾನೆ, ಅದರಲ್ಲಿ 250 ಅವನ ಕೈ ಹೋದದ್ದಕ್ಕೆ ಸಿಕ್ಕ ಪರಿಹಾರ. ಅಂದರೆ ಅಷ್ಟು ದಿನ ಬರೀ ಮಾತಾಗಿದ್ದ ಕನಸು ಒಬ್ಬ ಮುದುಕನ ಕೈಯ ಬೆಲೆಯಿಂದ ಮೊದಲ ಸಲ ನಿಜವಾಗುವ ಹಾಗೆ ಕಾಣುತ್ತದೆ. ಇಡೀ ಕಾದಂಬರಿಯಲ್ಲಿ ನನಗೆ ಮರೆಯಲಾಗದ ಜಾಗ ಇದು. ನಮ್ಮ ಗುಂಪಿನಲ್ಲಿ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳಿದ್ದಳು. ಇಲ್ಲಿಗೆ ಬಂದಾಗ ಅವಳು ಕೇಳಿದ್ದು ಒಂದೇ: ‘ಕೈ ಹೋಗದೇ ಇದ್ದಿದ್ದರೆ?’ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಮಳೆಗಾಲದಲ್ಲಿ ಹಾಸ್ಪತ್ರೆ ಖರ್ಚಿಗೆ ಅಡ್ವಾನ್ಸ್ ತೆಗೆದುಕೊಂಡು ವರ್ಷವಿಡೀ ಕೂಲಿಯಲ್ಲಿ ಮುರಿಸಿಕೊಳ್ಳುವುದನ್ನು ಅವಳು ಮನೆಯಲ್ಲೇ ನೋಡಿದವಳು.

ಮುಂದೆ ಕ್ರೂಕ್ಸ್ ಕೂಡ ನಾನೂ ಬರಬಹುದಾ ಎಂದು ಕೇಳುತ್ತಾನೆ, ಆಮೇಲೆ ಸುಮ್ನೆ ಹೇಳಿದೆ ಅಂತ ಹಿಂದೆ ಸರಿಯುತ್ತಾನೆ. ಅವನು ಯಾಕೆ ಹಿಂದೆ ಸರಿದ ಎಂಬುದನ್ನು ನೀವು ಹೇಳಿಕೊಡಬೇಡಿ, ಓದುವವರೇ ಹುಡುಕಲಿ. ಜಮೀನಿನ ಯಜಮಾನನ ಮಗ ಕರ್ಲಿಯ ಹೆಂಡತಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ, ಗಮನಿಸಿದಿರಾ? ಸಿನಿಮಾ ಸೇರಬೇಕೆಂದಿದ್ದವಳು ಅವಳು. ಆಳುಗಳು ಅವಳನ್ನು ಬೈಯುವುದನ್ನೇ ನಂಬಿಕೊಂಡು ಓದಿದರೆ ಅರ್ಧ ಕಥೆ ಕೈತಪ್ಪುತ್ತದೆ. ಅವಳು ಲೆನ್ನಿಯ ಹತ್ತಿರ ಮಾತಾಡುವ ಭಾಗವನ್ನು ಹೆಣ್ಣುಮಕ್ಕಳೇ ಓದಲಿ, ಧ್ವನಿ ಬೇರೆಯೇ ಕೇಳುತ್ತದೆ.

ಇನ್ನು ಕ್ಯಾಂಡಿಯ ಮುದಿ ನಾಯಿ. ಅದು ನಾರುತ್ತದೆ ಅಂತ ಬೇರೊಬ್ಬ ಆಳು ಹೊರಗೆ ಕರೆದುಕೊಂಡು ಹೋಗಿ ಗುಂಡು ಹೊಡೆಯುತ್ತಾನೆ. ನನ್ನ ನಾಯಿಯನ್ನು ನಾನೇ ಹೊಡೆಯಬೇಕಿತ್ತು, ಹೊರಗಿನವನಿಗೆ ಬಿಡಬಾರದಿತ್ತು ಎಂದು ಕ್ಯಾಂಡಿ ಆಮೇಲೆ ಜಾರ್ಜ್ ಹತ್ತಿರ ಹೇಳಿಕೊಳ್ಳುತ್ತಾನೆ. ಆ ಮಾತಿಗೆ ಎರಡು ಗೆರೆ ಹಾಕಿ.

ಕೊನೆಯ ಅಧ್ಯಾಯ ಹತ್ತೇ ಪುಟ ಚಿಲ್ಲರೆ, ಮತ್ತೆ ಅದೇ ನದಿ ದಡ. ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ, ಓದಿದವರೂ ಉಳಿದವರಿಗೆ ಮೊದಲೇ ಹೇಳಬೇಡಿ. ಒಂದೇ ಉಸಿರಿಗೆ ಓದಿ ಮುಗಿಸಿ. ಓದಿದ ಕೂಡಲೇ ಚರ್ಚೆ ಬೇಡ, ಕಾಫಿ ಕುಡಿದು ಮನೆಗೆ ಹೋಗಿ. ಮಾತಾಡುವುದಕ್ಕೆ ಮುಂದಿನ ವಾರ ಸೇರಿ.